ಕಲ್ಲಿದ್ದಲು ಗುಡ್ಡಕ್ಕೆ ಹೋದವರೆಲ್ಲ ಸ್ನಾನ ಮಾಡಬೇಕು

ಕವಲು ದಾರಿ

ಅಜ್ಜಿ ದಾರಿಯಲ್ಲಿ ಕೂತುಬಿಟ್ಟಳು. ಪಕ್ಕಕ್ಕಲ್ಲ, ನಟ್ಟನಡುವೆ. ಕುಕ್ಕರಗಾಲಲ್ಲಿ ಕೂತು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಗುಡ್ಡಕ್ಕೆ ಬೆನ್ನು ಹಾಕಿದಳು.

"ನಾನು ಬರಾಕಿಲ್ಲ. ಹಸುಗೂಸ್ ಕಟ್ಕೊಂಡು ಸುಡುಗಾಡಿಗ್ ಬಂದಿದ್ದೀರಲ್ಲ, ನಿಮಗೇನ್ ಬಂದಿತ್ತು ದೊಡ್ ರೋಗ?"

ನಾನು ತಲೆ ಎತ್ತಿ ನೋಡಿದೆ. ಗುಡ್ಡದ ಮೇಲೆ ನೆಟ್ಟಗೆ ನಿಂತ ಕಪ್ಪು ಹಸಿರಿನ ಮರಗಳು. ಅವುಗಳ ಕೆಳಗೆ ಬಿಳಿ ಕಲ್ಲುಗಳು. ಕೆಲವು ನಿಂತಿವೆ, ಕೆಲವು ವಾಲಿವೆ. ಓದು ಬರದವನಿಗೂ ಗೊತ್ತಾಗುತ್ತದೆ ಅದು ಏನೆಂದು.

ಬಾವ ಬಗ್ಗಿ ಮಾತಾಡಿದರು. ಅವರು ಬೆಂಗಳೂರಿನವರು, ಇಂಜಿನಿಯರು, ಯಾರಿಗೂ ಜೋರು ಮಾಡುವವರಲ್ಲ.

"ಅಜ್ಜಿ, ಇದು ಸುಡುಗಾಡಲ್ಲ. ಹೆರಿಟೇಜ್ ಟ್ರೇಲು. ಹಿಂದೆ ಇಲ್ಲಿ ಕೋಲ್ ಮೈನ್ಸ್ ಇತ್ತು. ಇದು ಅವರ ಹಳೇ ಸಿಮೆಟ್ರಿ ಅಷ್ಟೆ."

"ಹೆಣ ಹೂತವ್ರೋ ಇಲ್ವೋ ಅಳಿಮಯ್ಯ?"

"ಹೂತಿದ್ದಾರೆ. ಆದ್ರೆ ತುಂಬಾ ಹಳೇವು."

"ಹಳೇ ಹೆಣ ಹೆಣ ಅಲ್ವಾ?"

ಅಕ್ಕ ಮಗುವನ್ನು ಎದೆಗೆ ಕಟ್ಟಿಕೊಂಡು ನಿಂತಿದ್ದಳು, ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಹಿಂದಿನಿಂದ ನಾಯಿ ಹಿಡಿದ ಗಂಡ ಹೆಂಡತಿ ಬಂದರು, ಅಜ್ಜಿಯನ್ನು ಬಳಸಿಕೊಂಡು ಹೋಗುತ್ತಾ "ಹಾಯ್" ಅಂದರು. ಈ ದೇಶದಲ್ಲಿ ದಾರಿಯಲ್ಲಿ ಸಿಕ್ಕವರೆಲ್ಲ ಹಾಯ್ ಅನ್ನುತ್ತಾರೆ. ಎಲ್ಲಿಗೆ, ಯಾಕೆ, ಯಾರ ಮನೆಯವರು ಎಂದು ಕೇಳುವುದಿಲ್ಲ.

"ಹಾಯ್ ಕಣಪ್ಪ, ನಡಿ ನಡಿ," ಅಂದಳು ಅಜ್ಜಿ.

ಅಲ್ಲಿಂದ ವಾಪಸ್ಸು ಹೊರಟರೆ ಕಥೆ ಮುಗಿಯಿತು ಎಂದು ನನಗೆ ಗೊತ್ತಿತ್ತು. ಊರಿಗೆ ಹೋಗುವ ಮುಂದಿನ ವಾರದ ವಿಮಾನದ ಟಿಕೆಟ್ಟನ್ನು ಬಾವ ಫೋನಿನಲ್ಲಿ ಹುಡುಕಿ ಇಟ್ಟಿದ್ದರು. ಅಜ್ಜಿಯೇ ಕೇಳಿದ್ದಳು, ನನ್ನನ್ನು ಕಳಿಸಿಬಿಡಿ ಎಂದು.

ಬೆರ್ರಿಯೆಸಾದ ಮನೆ

ಅಮೆರಿಕದಲ್ಲಿ ಅಕ್ಕ ಬಾವ ಇರುವ ಬಡಾವಣೆ ಈ ಬೆರ್ರಿಯೆಸಾ; ಅಜ್ಜಿ ಇಲ್ಲಿಗೆ ಬಂದದ್ದು ಅಕ್ಕನ ಬಾಣಂತನಕ್ಕೆ. ಅವ್ವನಿಗೆ ಸೊಂಟ ನೋವು, ವಿಮಾನದಲ್ಲಿ ಅಷ್ಟು ಹೊತ್ತು ಕೂರಲಾಗದು. ಅಜ್ಜಿ ಒಬ್ಬಳೇ ಬರುವಂತಿಲ್ಲ. ಜೊತೆಗೆ ನಾನು. ನಾನು ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟವನು, ಮಳವಳ್ಳಿಯಲ್ಲಿ ಟೆಂಪೋ ಓಡಿಸುತ್ತೇನೆ. ವೀಸಾ ಸಿಗುವುದು ತಡವಾಗಿ, ನಾವು ಬರುವ ಹೊತ್ತಿಗೆ ಮಗು ಹುಟ್ಟಿ ನಗುವುದಕ್ಕೂ ಶುರು ಮಾಡಿತ್ತು.

ಅಜ್ಜಿ ನಮ್ಮೂರಿನ ಸೂಲಗಿತ್ತಿ. ಅಕ್ಕನನ್ನೂ ನನ್ನನ್ನೂ ಈ ಭೂಮಿಗೆ ಎತ್ತಿದ್ದು ಅವಳೇ. ಈಗ ಊರಲ್ಲಿ ಎಲ್ಲರೂ ಆಸ್ಪತ್ರೆಗೆ ಹೋಗುತ್ತಾರೆ, ಅವಳನ್ನು ಕರೆಯುವವರಿಲ್ಲ. ಹಾಗಾಗಿ ಮೊಮ್ಮಗಳ ಮಗುವಿಗೆ ನೀರು ಹಾಕುತ್ತೇನೆ ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದಳು. ಎಣ್ಣೆ, ಸಾಂಬ್ರಾಣಿ, ಬಜೆ ಬೇರು, ಎಲ್ಲ ಗಂಟು ಕಟ್ಟಿ ತಂದಿದ್ದಳು.

ಇಲ್ಲಿ ಏನು ನಡೆಯಿತು ಎಂದರೆ, ಏನೂ ನಡೆಯಲಿಲ್ಲ. ಮಗುವಿಗೆ ದಿನಾ ನೀರು ಹಾಕಬೇಡಿ ಎಂದು ಡಾಕ್ಟರು ಹೇಳಿದ್ದರಂತೆ. ಅಕ್ಕ ಒದ್ದೆ ಬಟ್ಟೆಯಲ್ಲಿ ಮೈ ಒರೆಸುತ್ತಿದ್ದಳು. ಎಲ್ಲಿ ಜಾರುತ್ತದೋ, ಎಲ್ಲಿ ಕಿವಿಗೆ ನೀರು ಹೋಗುತ್ತದೋ ಎಂದು ಅವಳಿಗೆ ಜೀವ ಹೋಗುವಷ್ಟು ಭಯ. ಮಗು ಹಾಲು ಕುಡಿದರೆ ಫೋನಿಗೆ ಹೇಳುತ್ತಾಳೆ, ಮಲಗಿದರೆ ಫೋನಿಗೆ ಹೇಳುತ್ತಾಳೆ.

"ಫೋನ್ಗ್ ಯಾಕವ್ವ ಹೇಳ್ಬೇಕು? ಅದೇನ್ ಬಂದು ಹಾಲ್ ಕೊಡ್ತದಾ?" ಅಂದಳು ಅಜ್ಜಿ.

"ಟ್ರ್ಯಾಕ್ ಮಾಡ್ಬೇಕು ಅಜ್ಜಿ. ನಿಂಗೆ ಗೊತ್ತಾಗಲ್ಲ."

ಆ ಮಾತು ಅಜ್ಜಿಗೆ ಚೆನ್ನಾಗಿ ಗೊತ್ತಾಯಿತು.

ಬಂದ ವಾರದಲ್ಲೇ ಇನ್ನೊಂದು ಆಯಿತು. ಮಗುವಿಗೆ ನೀರು ಹಾಕದಿದ್ದರೆ ಹೋಗಲಿ, ಹೊಗೆಯಾದರೂ ಹಾಕೋಣ ಎಂದು ಅಜ್ಜಿ ಸ್ಟವ್ವಿನ ಮೇಲೆ ತೆಂಗಿನ ಚಿಪ್ಪು ಸುಟ್ಟು ಕೆಂಡ ಮಾಡಿ ಸಾಂಬ್ರಾಣಿ ಉದುರಿಸಿದಳು. ಹೊಗೆ ಕಂಡರೆ ಕೂಗುವ ಮನೆಯ ಅಲಾರಂ ಕೂಗಿತು. ಆಮೇಲೆ ಕಾರಿಡಾರಿನ ಅಲಾರಂ ಕೂಗಿತು. ಆಮೇಲೆ ಇಡೀ ಅಪಾರ್ಟ್‌ಮೆಂಟು ಪಾರ್ಕಿಂಗಿಗೆ ಇಳಿದು ನಿಂತಿತು. ಕೆಂಪು ಲಾರಿಯಲ್ಲಿ ಹೆಲ್ಮೆಟ್ಟು ಹಾಕಿದವರು ಬಂದರು. ಅಜ್ಜಿ ಸಾಂಬ್ರಾಣಿ ಪಾತ್ರೆ ಕೈಯಲ್ಲೇ ಹಿಡಿದುಕೊಂಡು ಅವರ ಮುಂದೆ ನಿಂತಿದ್ದಳು.

ಅಂದಿನಿಂದ ಗಂಟು ಬೀರುವಿನ ಮೇಲೆ ಹೋಯಿತು. ಅಜ್ಜಿ ಕಿಟಕಿಯ ಹತ್ತಿರ ಕೂತು ಕಾರುಗಳನ್ನು ನೋಡತೊಡಗಿದಳು. ಮುದ್ದೆಯನ್ನು ಅರ್ಧಕ್ಕೇ ಬಿಡುತ್ತಿದ್ದಳು. ಒಂದು ದಿನ ನನ್ನನ್ನು ಕರೆದು, "ಮಂಜ, ನನ್ನ ಕೈಗೆ ಇಲ್ಲಿ ಕೆಲ್ಸ ಇಲ್ಲ ಕಣ್ಲಾ. ಊರಿಗ್ ಹೋಗವ" ಅಂದಳು.

ಇದನ್ನು ಕೇಳಿಯೇ ಬಾವ ಹೈಕಿಂಗ್ ಎಂದದ್ದು. ಇಲ್ಲಿನವರಿಗೆ ಮನಸ್ಸು ಕೆಟ್ಟರೂ ಹೈಕಿಂಗು, ಚೆನ್ನಾಗಿದ್ದರೂ ಹೈಕಿಂಗು. ನಮ್ಮ ಕಡೆ ಗುಡ್ಡ ಹತ್ತುವವರು ಇಬ್ಬರೇ, ಹರಕೆ ಹೊತ್ತವರು ಮತ್ತು ಮೇಕೆ ಕಳೆದುಕೊಂಡವರು.

ಗಣಿಯ ಬಾಯಿ

ಫ್ರೀವೇಯಲ್ಲಿ ಉತ್ತರಕ್ಕೆ ಬಹಳ ಹೊತ್ತು ಹೋದರೆ ಮನೆಗಳು ಮುಗಿದು ಬೋಳು ಗುಡ್ಡಗಳು ಶುರುವಾಗುತ್ತವೆ. ಹುಲ್ಲು ಅರ್ಧ ಹಸಿರು, ಅರ್ಧ ಒಣಗಿತ್ತು. ಬಿಸಿಲು ನಮ್ಮೂರಿನದೇ.

ಬಾವ ತಮ್ಮ ಹಳೆಯ ಬೂಟು ನನಗೆ ಕೊಟ್ಟಿದ್ದರು. ನೋಡಲು ಗಟ್ಟಿ. ಕಾರಿನಿಂದ ಇಳಿದು ಸ್ವಲ್ಪ ದೂರ ನಡೆಯುವುದರಲ್ಲೇ ಎಡಗಾಲಿನ ಅಟ್ಟೆ ಬಿಟ್ಟುಕೊಂಡು ಪಟಪಟ ಹೊಡೆಯತೊಡಗಿತು. ಅಕ್ಕ ಮಗುವಿನ ಬಾಯಿ ಒರೆಸುವ ಬಟ್ಟೆ ಕೊಟ್ಟಳು. ಅದನ್ನು ಸುತ್ತಿ ಕಟ್ಟಿಕೊಂಡೆ. ಅದರ ಮೇಲೆ ಬಾತುಕೋಳಿ ಚಿತ್ರ ಇತ್ತು. ಎದುರು ಬಂದವರೆಲ್ಲ ಮೊದಲು ನನ್ನ ಕಾಲು ನೋಡಿ ಆಮೇಲೆ ಹಾಯ್ ಅಂದರು.

ಮೊದಲು ಸಿಕ್ಕಿದ್ದು ಗಣಿಯ ಬಾಯಿ. ಗುಡ್ಡಕ್ಕೆ ತೂತು ಕೊರೆದು ಕಬ್ಬಿಣದ ಬಾಗಿಲು ಹಾಕಿದ್ದಾರೆ. ಒಳಗಿನಿಂದ ತಣ್ಣನೆ ಗಾಳಿ ಬರುತ್ತದೆ. ಹೊರಗೆ ಬೆವರು, ಬಾಗಿಲ ಮುಂದೆ ನಿಂತರೆ ಚಳಿ. ಅಜ್ಜಿ ಅಲ್ಲಿ ನಿಂತು ಸೆರಗು ಹೊದ್ದುಕೊಂಡು ಕಣ್ಣು ಮುಚ್ಚಿದಳು. ಬೇರೆ ಊರುಗಳಿಂದ ಹಡಗು ಹತ್ತಿ ಬಂದವರು ಇದರೊಳಗೆ ಬಗ್ಗಿಕೊಂಡು ಹೋಗಿ ಕಲ್ಲಿದ್ದಲು ಕಡಿದರು, ಒಳ್ಳೆಯ ಕಲ್ಲಿದ್ದಲಲ್ಲ, ಬೇರೆ ಕಡೆ ಒಳ್ಳೆಯದು ಸಿಕ್ಕ ಮೇಲೆ ಗಣಿ ಮುಚ್ಚಿತು ಎಂದು ಬಾವ ಬೋರ್ಡು ಓದಿ ಹೇಳಿದರು. ಇಲ್ಲಿ ಒಂದು ಊರೇ ಇತ್ತಂತೆ. ಹೋಗುವಾಗ ಮನೆಗಳ ಹಲಗೆಯನ್ನೂ ಕಿತ್ತುಕೊಂಡು ಹೋದರಂತೆ. ಈಗ ಒಂದು ಗೋಡೆಯೂ ಇಲ್ಲ. ಅವರು ನೆಟ್ಟ ಮರಗಳಿವೆ.

ಮುಂದೆ ದಾರಿ ಪಕ್ಕದಲ್ಲಿ ಕಪ್ಪು ಮಣ್ಣಿನ ಗುಪ್ಪೆ. ಅಜ್ಜಿ ಬಗ್ಗಿ ಕಲ್ಲಿದ್ದಲಿನ ಒಂದು ಚೂರು ಎತ್ತಿಕೊಂಡು ಎಲೆಅಡಿಕೆ ಚೀಲಕ್ಕೆ ಹಾಕಿದಳು.

"ಅಜ್ಜಿ, ಏನೂ ತಗೊಂಡು ಹೋಗೋ ಹಾಗಿಲ್ಲ ಇಲ್ಲಿಂದ. ರೂಲ್ಸು."

"ಒಂದ್ ಕೆಂಡಕ್ಕೆ ಆಯ್ತದೆ ಅಳಿಮಯ್ಯ."

"ಅಯ್ಯೋ ಅಜ್ಜಿ, ಕೆಂಡದ ಮಾತು ಬೇಡ," ಅಂದಳು ಅಕ್ಕ.

ಅಜ್ಜಿ ಚೂರನ್ನು ತೆಗೆದು ನೆಲಕ್ಕೆ ಹಾಕಿ, ಕೈ ಒರೆಸಿಕೊಂಡು ಮುಂದೆ ನಡೆದಳು. ಕವಲು ದಾರಿ ಬಂದು, ಬಿಳಿ ಕಲ್ಲುಗಳು ಕಂಡವು. ಅವಳು ಕೂತಳು.

ಟೋಪಿಯ ಹೆಂಗಸು

ಕೂತು ಎಷ್ಟು ಹೊತ್ತಾಯಿತೋ. ಬಾವ ಕಾರಿನ ಕೀಲಿ ಹೊರಗೆ ತೆಗೆದಿದ್ದರು. ಆಗ ಗುಡ್ಡದ ಮೇಲಿಂದ ಒಬ್ಬ ವಯಸ್ಸಾದ ಹೆಂಗಸು ಇಳಿದು ಬಂದಳು. ದೊಡ್ಡ ಟೋಪಿ, ಎದೆಯ ಮೇಲೆ ಬಿಲ್ಲೆ. ವಾರದ ಕೊನೆಯಲ್ಲಿ ಬಂದು ಜನರಿಗೆ ದಾರಿ ತೋರಿಸಿ ಕಥೆ ಹೇಳುವವಳಂತೆ, ಸಂಬಳವಿಲ್ಲದೆ. ಅಜ್ಜಿಗೆ ಹುಷಾರಿಲ್ಲವೇ ಎಂದು ಕೇಳಿದಳು. ಬಾವ ಮುಚ್ಚುಮರೆ ಮಾಡಲಿಲ್ಲ. ನಮ್ಮಲ್ಲಿ ಸತ್ತವರ ಜಾಗಕ್ಕೆ ಹಸುಗೂಸು ತರುವುದಿಲ್ಲ ಎಂದರು.

ಆ ಹೆಂಗಸು ನಗಲಿಲ್ಲ. ಮಂಡಿ ಲಟಕ್ ಎನಿಸಿಕೊಂಡು ಅಜ್ಜಿಯ ಎದುರು ಮಣ್ಣಲ್ಲೇ ಕೂತಳು. ಅವಳು ಹೇಳಿದ್ದನ್ನು ಬಾವ ಕನ್ನಡಕ್ಕೆ ತಂದರು. ಗಣಿಗೆ ಬಂದವರು ತುಂಬಾ ದೂರದವರು, ಚಿಕ್ಕ ವಯಸ್ಸಿನ ಗಂಡ ಹೆಂಡತಿಯರು. ಹೊಸ ದೇಶ.

ಅಜ್ಜಿ ತಲೆ ಎತ್ತಿದಳು. "ಹೆರಿಗೆಗೆ ಅವರವ್ವಂದಿರು ಬರ್ತಿದ್ರಾ, ಕೇಳಿ."

ಬಾವ ಕೇಳಿದರು. ಇಲ್ಲವಂತೆ. ಹಡಗಿನ ದಾರಿ. ಬಂದವರು ಅವ್ವನ ಮುಖವನ್ನು ಮತ್ತೆ ನೋಡಿದ್ದೇ ಕಡಿಮೆ.

"ಮತ್ತೆ ಯಾರ್ ನೋಡ್ಕೋತಿದ್ರು?"

ಹೆಂಗಸು ಬೆರಳು ಎತ್ತಿ ಬಿಳಿ ಕಲ್ಲುಗಳ ಕಡೆ ತೋರಿಸಿದಳು. ಬಾವ ತಡವರಿಸಿದರು. "ಒಬ್ರು ಮಿಡ್‌ವೈಫ್ ಇದ್ರಂತೆ ಅಜ್ಜಿ. ಅವರ ಸಮಾಧಿನೂ ಅಲ್ಲೇ ಇದೆಯಂತೆ. ಅಂದ್ರೆ... ನರ್ಸ್ ಥರ."

"ನರ್ಸೋ ಸೂಲಗಿತ್ತಿಯೋ? ಸರ್‍ಯಾಗ್ ಕೇಳಿ."

ಬಾವ ಮತ್ತೆ ಕೇಳಿದರು. ಹೆಂಗಸು ಎರಡು ಕೈಯನ್ನೂ ಮುಂದೆ ಚಾಚಿ, ಕೆಳಗಿನಿಂದ ಏನನ್ನೋ ಮೆಲ್ಲಗೆ ಎತ್ತಿಕೊಳ್ಳುವಂತೆ ಮಾಡಿ ತೋರಿಸಿದಳು. ಆಮೇಲೆ ಗುಡ್ಡದ ಆಚೆ ಈಚೆ ಕೈ ಬೀಸಿದಳು. ಕರೆದಲ್ಲಿಗೆ ಹೋಗುತ್ತಿದ್ದಳಂತೆ.

"ಹಂಗಾದ್ರೆ ಸೂಲಗಿತ್ತಿಯೇ," ಅಂದಳು ಅಜ್ಜಿ.

ಎದ್ದಳು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿದಳು. ಬಾವನ ಕೈಯಲ್ಲಿದ್ದ ಹೈಕಿಂಗ್ ಕೋಲನ್ನು ಕೇಳದೆ ಕಿತ್ತುಕೊಂಡಳು.

"ಅಜ್ಜಿ, ಸುಡುಗಾಡು ಅಂದೆ?" ಅಂದೆ ನಾನು.

"ಸುಡುಗಾಡೇ. ಅದ್ಕೇನೀಗ? ನನ್ ಕಸುಬ್ನೋಳು ಮಲಗವ್ಳೆ. ಬಾಗಲ್ ತನಕ ಬಂದು ಮಾತಾಡ್ಸ್ದೆ ಹೋಗಕ್ಕಾಯ್ತದಾ?"

ನೆತ್ತಿ

ಕೊನೆಯ ಏರು ಕಡಿದಾಗಿತ್ತು. ಅಜ್ಜಿ ಮುಂದೆ, ಟೋಪಿಯ ಹೆಂಗಸು ಜೊತೆಗೆ. ಒಬ್ಬಳು ಇಂಗ್ಲಿಷಿನಲ್ಲಿ, ಇನ್ನೊಬ್ಬಳು ಕನ್ನಡದಲ್ಲಿ, ನಿಲ್ಲಿಸದೆ ಮಾತಾಡುತ್ತಿದ್ದರು. ಬಾವನಿಗೂ ನನಗೂ ಉಸಿರು ಸಾಲುತ್ತಿರಲಿಲ್ಲ. ಬಾವನ ಕೈಗಡಿಯಾರ ಕಿರುಗುಟ್ಟಿತು.

"ಏನಂತೆ ಬಾವ?"

"ಹಾರ್ಟ್ ರೇಟ್ ಜಾಸ್ತಿಯಾಯ್ತಂತೆ. ನಿಲ್ಲು ಅಂತಿದೆ."

"ನಿಲ್ಲಿ ಮತ್ತೆ."

"ಅಜ್ಜಿ ನಿಂತಿಲ್ವಲ್ಲೋ!"

ದಾರಿಗೆ ಅಡ್ಡ ಒಂದು ಕರಿಯ ಹಸು ನಿಂತಿತ್ತು. ಇಲ್ಲಿ ದನಗಳನ್ನು ಗುಡ್ಡಕ್ಕೆ ಬಿಟ್ಟಿರುತ್ತಾರೆ, ಕಾಯುವವರಿಲ್ಲ. ಮೇಲಿಂದ ಇಳಿಯುತ್ತಿದ್ದ ಇಬ್ಬರು ಹುಡುಗಿಯರು ಮುಂದೆ ಬರಲು ಹೆದರಿ ನಿಂತಿದ್ದರು. ನಾನು ಶೂರನಂತೆ "ಹೋಯ್ ಹೋಯ್" ಎಂದು ಕೈ ಬೀಸಿದೆ. ಹಸು ನನ್ನ ಕಾಲಿನ ಬಾತುಕೋಳಿ ನೋಡಿತೇ ಹೊರತು ಕದಲಲಿಲ್ಲ. ಅಮೆರಿಕದ ಹಸುವಿಗೆ ಮಳವಳ್ಳಿ ಭಾಷೆ ಬಾರದು. ಕೊನೆಗೆ ಎಲ್ಲರೂ ಮುಳ್ಳು ಹುಲ್ಲಿನಲ್ಲಿ ಇಳಿದು ಅದನ್ನು ಬಳಸಿಕೊಂಡು ಹೋದೆವು. ಅಜ್ಜಿಯೂ.

ನೆತ್ತಿಯಿಂದ ಕಾಣುವುದನ್ನು ಬಣ್ಣಿಸಲು ನನಗೆ ಬರುವುದಿಲ್ಲ. ದೂರದಲ್ಲಿ ನೀರು ಕಾಣಿಸಿತು. ಗಾಳಿಯಂತ್ರಗಳು ಕಾಣಿಸಿದವು. ಸಾಕು.

ಅಜ್ಜಿ ಗೇಟಿನ ಹೊರಗೆ ಚಪ್ಪಲಿ ಬಿಟ್ಟಳು. ಅವಳನ್ನು ನೋಡಿ ಟೋಪಿಯ ಹೆಂಗಸು ಟೋಪಿ ತೆಗೆದಳು. ಒಳಗೆ ಕಲ್ಲುಗಳ ನಡುವೆ ಚಿಕ್ಕ ಚಿಕ್ಕ ಕಲ್ಲುಗಳು ಬಹಳ ಇದ್ದವು, ಮೊಣಕಾಲಿಗಿಂತ ಕೆಳಗೆ.

"ಇವು?"

"ಮಕ್ಕಳು ಅಜ್ಜಿ," ಅಂದರು ಬಾವ. "ಆಗ ಕಾಯಿಲೆಗಳು ಬಂದು ಒಂದೇ ಸಲಕ್ಕೆ ಹೋಗ್ತಿದ್ವಂತೆ."

ಅಕ್ಕನ ಎರಡು ಕೈಯೂ ತಾವಾಗಿ ಮಗುವಿನ ಬೆನ್ನಿಗೆ ಹೋದವು. ಅಜ್ಜಿ ಒಂದು ಚಿಕ್ಕ ಕಲ್ಲಿನ ನೆತ್ತಿ ಸವರಿದಳು. "ಎತ್ತಿದ ಕೈಯೇ ಮಣ್ಣಿಗೆ ಹಾಕೋದ್ನೂ ನೋಡಿರ್ತದೆ," ಅಂದಳು.

ಸೂಲಗಿತ್ತಿಯ ಕಲ್ಲಿನ ಮುಂದೆ ಅವಳು ಎಲೆಅಡಿಕೆ ಚೀಲ ಬಿಚ್ಚಿದಳು. ಎರಡು ಎಲೆ, ಒಂದು ಅಡಿಕೆ. ನಮ್ಮೂರಲ್ಲಿ ಹೆರಿಗೆಯಾದ ಮನೆಯಿಂದ ಸೂಲಗಿತ್ತಿಗೆ ಕೊಡುವುದು ಅದೇ, ಜೊತೆಗೆ ಒಂದು ರವಿಕೆ ಕಣ. ಕಣ ಇರಲಿಲ್ಲ. ತನ್ನ ಸೆರಗಿನ ತುದಿಯಿಂದ ಕಲ್ಲಿನ ಧೂಳು ಒರೆಸಿ ಎಲೆಅಡಿಕೆ ಇಟ್ಟಳು.

"ಯಾರ್ ಕೊಟ್ರೋ ಬಿಟ್ರೋ. ತಕ ತಾಯಿ."

ಬಾವ ಅತ್ತಿತ್ತ ನೋಡಿದರು. "ಇಲ್ಲಿ ಏನೂ ಬಿಟ್ಟು ಹೋಗೋ ಹಾಗೂ ಇಲ್ಲ ಅಜ್ಜಿ."

"ತಗೊಂಡ್ ಹೋಗಂಗೂ ಇಲ್ಲ, ಬಿಟ್ ಹೋಗಂಗೂ ಇಲ್ಲ. ಇದ್ಯಾವ್ ಸೀಮೆ ಸುಡುಗಾಡು?"

ಬಾವ ಇದನ್ನು ಇಂಗ್ಲಿಷಿಗೆ ಹೇಗೆ ತಂದರೋ, ಆ ಹೆಂಗಸು ನಕ್ಕು ಕಣ್ಣು ಒರೆಸಿಕೊಂಡಳು. ಸ್ವಲ್ಪ ಹೊತ್ತು ಎಲೆ ಕಲ್ಲಿನ ಮೇಲೇ ಇತ್ತು. ಆಮೇಲೆ ಅಜ್ಜಿ ಅದನ್ನು ಎತ್ತಿ ಆ ಹೆಂಗಸಿನ ಕೈಗೇ ಕೊಟ್ಟಳು. ಅವಳು ಎಲೆಯನ್ನು ಟೋಪಿಯ ಪಟ್ಟಿಗೆ ಸಿಕ್ಕಿಸಿಕೊಂಡಳು.

ಆಗ ಅಜ್ಜಿ ಅಕ್ಕನ ಕಡೆ ತಿರುಗಿದಳು. "ಮಗೀನ್ ಕೊಡವ್ವ. ಇವ್ಳಿಗ್ ವಸಿ ತೋರುಸ್ತೀನಿ."

ಅಕ್ಕ ಕೊಟ್ಟಳು. ದಿನದ ಹಾಗೆ ಮೊದಲು ಕೈ ಶುದ್ಧ ಮಾಡಿಕೊಳ್ಳುವ ಔಷಧಿ ಕೊಡಲಿಲ್ಲ, ತಲೆ ಹಿಡಿ ಎನ್ನಲಿಲ್ಲ, ಸುಮ್ಮನೆ ಕೊಟ್ಟಳು. ಅಜ್ಜಿ ಮಗುವನ್ನು ಕಲ್ಲಿನ ಮುಂದೆ ಹಿಡಿದಳು. ಅದರ ಪಾದ ಕಲ್ಲಿಗೆ ಮುಟ್ಟಿತು. ಬೇಕೆಂದೇ ಮುಟ್ಟಿಸಿದಳೋ, ತಾನಾಗಿ ತಾಗಿತೋ. ನಾನು ಈಗಲೂ ಯೋಚಿಸುತ್ತೇನೆ.

ಬಾಗಿಲು

ಬೆರ್ರಿಯೆಸಾಕ್ಕೆ ಬಂದಾಗ ಬಿಸಿಲು ಇಳಿದಿತ್ತು. ಬಾವ ಬಾಗಿಲು ತೆಗೆದರು. ಅಜ್ಜಿ ಕೋಲನ್ನು ಅಡ್ಡ ಹಿಡಿದಳು.

"ಯಾರೂ ಹಂಗೇ ಒಳಕ್ ನುಗ್ಗಂಗಿಲ್ಲ. ಸುಡುಗಾಡಿಂದ ಬಂದಿದ್ದೀವಿ. ಒಬ್ಬೊಬ್ರೇ, ಏನೂ ಮುಟ್ದೆ, ನೆಟ್ಟಗೆ ಬಚ್ಚಲಿಗೆ. ಮಂಜ, ನೀನ್ ಮೊದ್ಲು."

ಬಾವ ಅಕ್ಕನ ಮುಖ ನೋಡಿದರು. ಅಕ್ಕ ನನ್ನ ಮುಖ ನೋಡಿದಳು. ಬೆಳಿಗ್ಗೆ ಅಜ್ಜಿ ನಮ್ಮ ಮಾತು ಕೇಳಿ ಹೊರಟಿದ್ದಳು, ಕೊನೆಗೆ ಗುಡ್ಡವನ್ನೂ ಹತ್ತಿದ್ದಳು. ಈಗ ಇಲ್ಲ ಎನ್ನುವ ಬಾಯಿ ಯಾರಿಗಿತ್ತು? ನಾನು ಕೈ ಕಟ್ಟಿಕೊಂಡು ಹೋಗಿ ಸ್ನಾನ ಮಾಡಿ ಬಂದೆ. ಆಮೇಲೆ ಬಾವ, ಅವರ ಹಿಂದೆ ಅಜ್ಜಿ. ಅಷ್ಟರಲ್ಲಿ ಪಕ್ಕದ ಮನೆಯ ಚೀನಾ ಅಜ್ಜಿ ತರಕಾರಿ ಚೀಲ ಹಿಡಿದು ಬಂದು, ಕಾರಿಡಾರಿನಲ್ಲಿ ನಿಂತ ಅಕ್ಕನನ್ನು ಏನೆಂದು ಕೇಳಿದಳಂತೆ. ಕೀಲಿ ಕಳೆದಿದೆ ಎಂದು ಅಕ್ಕ ಹೇಳಿದಳಂತೆ. ತೆಗೆದ ಬಾಗಿಲ ಮುಂದೆ ನಿಂತುಕೊಂಡು.

"ಈಗ ಮಗೀದು. ನಿಂದು ಆಮೇಲೆ," ಅಂದಳು ಅಜ್ಜಿ.

"ಮಗುಗೆ ಯಾಕಜ್ಜಿ?"

"ಯಾಕೇ? ಅದು ಬಂದಿರ್ಲಿಲ್ವಾ ಸುಡುಗಾಡಿಗೆ? ಕಲ್ಲಿಗೆ ಕಾಲ್ ಬೇರೆ ತಾಗಿಸ್ಕೊಂಡದೆ. ಹಂಗೇ ತೊಟ್ಲಿಗ್ ಹಾಕ್ತೀಯಾ?"

ಅಕ್ಕ ಒದ್ದೆ ತಲೆಯಲ್ಲಿ ನಿಂತಿದ್ದ ಬಾವನನ್ನು ನೋಡಿದಳು.

"ವಾರಕ್ಕೆ ಎರಡು ಸಲ ಬಾತ್ ಓಕೆ ಅಂದಿದ್ದಾರಲ್ಲ ಡಾಕ್ಟರು," ಅಂದರು ಬಾವ. "ವಾಟರ್ ಟೆಂಪರೇಚರ್ ಮಾತ್ರ ಕರೆಕ್ಟಾಗಿ..."

"ನನ್ನ ಮೊಣಕೈ ಅದೆ ಅಳಿಮಯ್ಯ."

ಅಜ್ಜಿ ಬಚ್ಚಲಲ್ಲಿ ಕಾಲು ನೀಡಿ ಕೂತಳು. ನೀರಿಗೆ ಮೊಣಕೈ ಅದ್ದಿ ನೋಡಿ, ತಣ್ಣೀರು ಬೆರೆಸು ಎಂದಳು, ಮತ್ತೆ ಅದ್ದಿದಳು. ಮಗುವನ್ನು ಕಾಲ ಮೇಲೆ ಬೋರಲು ಹಾಕಿಕೊಂಡು ಎಣ್ಣೆ ತಿಕ್ಕಿದಳು. ಮಗು ಕಿರುಚಿತು. ಅಕ್ಕ ಗೋಡೆ ಹಿಡಿದು ನಿಂತಳು. ಅಜ್ಜಿ ಅಂಗೈಯನ್ನು ಮಗುವಿನ ಕಿವಿಗೆ ಅಡ್ಡ ಹಿಡಿದು ಮೊದಲ ಚೊಂಬು ನೀರು ಬಿಟ್ಟಳು.

ಮಗು ಸುಮ್ಮನಾಯಿತು. ಎರಡನೇ ಚೊಂಬಿಗೆ ಕಣ್ಣು ಬಿಟ್ಟು ಗೋಡೆ ನೋಡತೊಡಗಿತು. ಮೂರನೆಯದಕ್ಕೆ ಆಕಳಿಸಿತು.

"ಸವಿತಾ, ಇತ್ಲಾಗ್ ಬಾ. ಕೈ ಎಲ್ಲಿ ಇಡೋದು ನೋಡ್ಕೊ," ಅಂದಳು ಅಜ್ಜಿ. ಅಕ್ಕ ಹೋಗಿ ಪಕ್ಕದಲ್ಲಿ ಕೂತಳು. ಬಟ್ಟೆ ನೆನೆಯುತ್ತಿತ್ತು, ಅವಳಿಗೆ ಅದರ ಗಮನ ಇರಲಿಲ್ಲ. ಬೆನ್ನಿಗೆ ನೀರು ಬಿಡುವಾಗ ಅಜ್ಜಿ ಚೊಂಬನ್ನು ಅವಳ ಕೈಗೆ ಕೊಟ್ಟಳು. ಅಕ್ಕ ಮೆಲ್ಲಗೆ ನೀರು ಬಿಟ್ಟಳು.

ನಾನು ಕುರ್ಚಿ ಹಾಕಿ ಬೀರುವಿನ ಮೇಲಿನ ಗಂಟು ಇಳಿಸಿದೆ. ಯಾರೂ ಹೇಳಿರಲಿಲ್ಲ. ತೆಂಗಿನ ಚಿಪ್ಪು ಸ್ಟವ್ವಿನ ಮೇಲಿಟ್ಟೆ. ಬಾವ ನೋಡಿದರು. ನನ್ನ ಕೈಯಿಂದ ಕುರ್ಚಿ ಕಿತ್ತುಕೊಂಡು ಅಲಾರಂ ಕೆಳಗೆ ಹಾಕಿ, ಟವಲು ಹಿಡಿದು ಅದರ ಮೇಲೆ ಹತ್ತಿದರು.

"ಕಿಟಕಿ ಎಲ್ಲ ತೆಗಿಯೋ ಮಂಜ. ಹೊಗೆ ಈ ಕಡೆ ಬಂದ್ರೆ ಹೇಳು."

ಅಜ್ಜಿ ಕೆಂಡಕ್ಕೆ ಸಾಂಬ್ರಾಣಿ ಉದುರಿಸಿದಳು. ಟವಲಲ್ಲಿ ಸುತ್ತಿದ ಮಗುವನ್ನು ಎತ್ತಿ ಹಿಡಿದು, ದೂರದಿಂದ, ಹೌದೋ ಅಲ್ಲವೋ ಎಂಬಷ್ಟು ಹೊಗೆ ಮುಟ್ಟಿಸಿದಳು. ಬಾವ ಕುರ್ಚಿಯ ಮೇಲೆ ನಿಂತು ಟವಲು ಬೀಸಿದ್ದೇ ಬೀಸಿದ್ದು. ಗುಡ್ಡದಲ್ಲೂ ಅವರು ಅಷ್ಟು ಬೆವರಿರಲಿಲ್ಲ.

ಅಲಾರಂ ಕೂಗಲಿಲ್ಲ. ಮಗು ಮಲಗಿತು. ಅಕ್ಕ ಸ್ನಾನ ಮಾಡಿ ಬಂದರೂ, ನಾವು ಊಟ ಮಾಡಿ, ಪಾತ್ರೆ ತೊಳೆದರೂ ಏಳಲಿಲ್ಲ. ಅಜ್ಜಿ ಮುದ್ದೆ ಪೂರ್ತಿ ತಿಂದು ಇನ್ನೊಂದು ಕೇಳಿದಳು. ಅಕ್ಕ ಫೋನು ತೆಗೆದು ಮಗು ಮಲಗಿದ್ದನ್ನು ಬರೆಯಲು ಹೋಗಿ, ಬರೆಯದೆ, ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದಳು.

"ಅಜ್ಜಿ, ನಾಳಿದ್ದು ಮತ್ತೆ ಹಾಕ್ತೀಯಾ ನೀರು?"

"ಬೇಕಾರೆ ಮತ್ತೆ ಸುಡುಗಾಡಿಗ್ ಹೋಗ್ ಬರವ," ಅಂದಳು ಅಜ್ಜಿ.

ಟಿಕೆಟ್ಟಿನ ಮಾತು ಯಾರೂ ಎತ್ತಲಿಲ್ಲ. ನನಗೆ ಹೇಳುವುದಕ್ಕೆ ಇನ್ನೇನೂ ಇಲ್ಲ.